ದಂತವೈದ್ಯ ಹೋರೇಸ್ ವೆಲ್ಸ್

ಹಲ್ಲುನೋವಿನ ಬಾಧೆಯನ್ನು ಅರಿಯದವರು ವಿರಳ. ಆದರೆ ಸುಮಾರು ನೂರೆಂಬತ್ತು ವರ್ಷಗಳ ಹಿಂದೆ ಹಲ್ಲು ಕೀಳಿಸಿಕೊಳ್ಳುವುದು ಎಂತಹ ಯಾತನೆಯಾಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದೂ ಕಷ್ಟ. ರೋಗಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಅವನು ಕೊಸರಾಡದಂತೆ ತಲೆಯನ್ನೂ ಕೈಗಳನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ವೈದ್ಯನು ಇಕ್ಕುಳದಿಂದ ಹಲ್ಲನ್ನು ಕಿತ್ತೆಳೆಯುತ್ತಿದ್ದನು. ಸ್ವಲ್ಪ ಮದ್ಯ, ಇಲ್ಲವೆ ಕೊಂಚ ಅಫೀಮು. ನೋವಿಗೆ ಇದ್ದ ಪರಿಹಾರ ಇಷ್ಟೆ. ಬೇಗ ಕೀಳಬಲ್ಲವನೇ ಒಳ್ಳೆಯ ವೈದ್ಯನೆನಿಸಿಕೊಳ್ಳುತ್ತಿದ್ದನು. ಈ ದುಃಸ್ಥಿತಿಯನ್ನು ಹೋಗಲಾಡಿಸಲು ಹೊರಟವರಲ್ಲಿ ಅಮೆರಿಕದ ಹೋರೇಸ್ ವೆಲ್ಸ್ ಅಗ್ರಗಣ್ಯನು. ಅವನು ಬದುಕಿದ್ದುದು 33 ವರ್ಷ ಮಾತ್ರ.

ವೆಲ್ಸ್ ಹುಟ್ಟಿದ್ದು 1815ರ ಜನವರಿ 21ರಂದು, ವರ್ಮಾಂಟ್ ಸಂಸ್ಥಾನದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ. ಬಾಸ್ಟನ್ ನಗರದಲ್ಲಿ ದಂತವೈದ್ಯವನ್ನು ಕಲಿತು, 1836ರಲ್ಲಿ ಕನೆಕ್ಟಿಕಟ್ ಸಂಸ್ಥಾನದ ರಾಜಧಾನಿಯಾದ ಹಾರ್ಟ್‌ಫರ್ಡಿನಲ್ಲಿ ನೆಲೆಸಿದನು. (ಹುಟ್ಟಿದ ಊರಿಗೂ ಹೆಸರು ತಂದ ಊರಿಗೂ ಒಂದೇ ಹೆಸರಾದುದರಿಂದ ಓದುವವರಿಗೆ ಗೊಂದಲವಾಗುವುದುಂಟು, ಇವು ಬೇರೆ ಬೇರೆ ಊರುಗಳು.) ಅವನ ಕೈಗುಣಕ್ಕೆ ಬೇಗನೆ ಹೆಸರು ಬಂದಿತು. 1838ರಲ್ಲಿ ಹಲ್ಲುಗಳ ರಕ್ಷಣೆಯನ್ನು ಕುರಿತು ಒಂದು ಕಿರುಹೊತ್ತಗೆಯನ್ನು ಬರೆದನು. ಅದೇ ವರ್ಷ ಎಲಿಜಬೆತ್ ಎಂಬಾಕೆಯನ್ನು ಮದುವೆಯಾದನು. ಅವನಲ್ಲಿ ಕೆಲಸ ಕಲಿತ ಶಿಷ್ಯರಲ್ಲಿ ಇಬ್ಬರನ್ನು ನಾವು ನೆನಪಿನಲ್ಲಿಡಬೇಕು: ಒಬ್ಬನು ಜಾನ್ ರಿಗ್ಸ್, ಇನ್ನೊಬ್ಬನು ವಿಲಿಯಂ ಮಾರ್ಟನ್.

1844ರ ಡಿಸೆಂಬರ್ 10ರ ಸಂಜೆ ಗಾರ್ಡ್ನರ್ ಕೋಲ್ಟನ್ ಎಂಬಾತನು ಹಾರ್ಟ್‌ಫರ್ಡಿನಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದ್ದನು. ಹಣ ಕೊಟ್ಟು ಬಂದವರಿಗೆ ನೈಟ್ರಸ್ ಆಕ್ಸೈಡ್ ಎಂಬ ಅನಿಲದ ಚಮತ್ಕಾರವನ್ನು ತೋರಿಸುವುದು ಅವನ ಕಸುಬು. ಈ ಅನಿಲವನ್ನು ಉಸಿರಾಡಿದವರು ಮೈಮರೆತು ನಗುತ್ತಾರೆ, ಕುಣಿಯುತ್ತಾರೆ. ಆದ್ದರಿಂದಲೇ ಅದಕ್ಕೆ ನಗೆ ಅನಿಲವೆಂಬ ಹೆಸರು. ಅದೇನೂ ಹೊಸ ವಸ್ತುವಾಗಿರಲಿಲ್ಲ. ಇಂಗ್ಲೆಂಡಿನ ಪ್ರೀಸ್ಟ್ಲಿ 1772ರಲ್ಲಿಯೇ ಅದನ್ನು ತಯಾರಿಸಿದ್ದನು. ಹಂಫ್ರಿ ಡೇವಿ ತಾನೇ ಅದನ್ನು ಸೇವಿಸಿ, ಬುದ್ಧಿಹಲ್ಲಿನಿಂದಾಗಿ ಊದಿಕೊಂಡಿದ್ದ ತನ್ನ ವಸಡಿನ ನೋವು ಶಮನವಾದುದನ್ನು ಕಂಡು, ಶಸ್ತ್ರಕ್ರಿಯೆಯಲ್ಲಿ ಇದು ಉಪಯೋಗಕ್ಕೆ ಬರಬಹುದೆಂದು 1800ರಲ್ಲಿ ಅಚ್ಚುಮಾಡಿಸಿಯೂ ಇದ್ದನು. ನಲವತ್ತು ವರ್ಷ ಆ ಸೂಚನೆಯನ್ನು ಯಾವ ವೈದ್ಯನೂ ಕೈಗೆತ್ತಿಕೊಳ್ಳಲಿಲ್ಲ. ಜಾತ್ರೆಯ ಜನ ಮಾತ್ರ ಅನಿಲವನ್ನು ಬಿಡಲಿಲ್ಲ!

ಆ ಸಂಜೆ ಪ್ರೇಕ್ಷಕರ ನಡುವೆ ವೆಲ್ಸ್ ದಂಪತಿಗಳಿದ್ದರು. ಔಷಧದಂಗಡಿಯ ನೌಕರನಾದ ಸ್ಯಾಮ್ಯುಯೆಲ್ ಕೂಲಿ ಎಂಬ ತರುಣನು ಅನಿಲವನ್ನು ಸೇವಿಸಿ, ಅಮಲಿನಲ್ಲಿ ಓಡಾಡುತ್ತ ಬೆಂಚಿಗೆ ಡಿಕ್ಕಿ ಹೊಡೆದು ಕಾಲನ್ನು ಗಾಯಮಾಡಿಕೊಂಡನು. ನೋಡುತ್ತಿದ್ದವರೆಲ್ಲ ನಕ್ಕರು. ವೆಲ್ಸ್ ನಗಲಿಲ್ಲ. ಕೂಲಿ ತನ್ನ ಜಾಗಕ್ಕೆ ಮರಳಿ ಬಂದಾಗ ಅವನ ಕಾಲಿನಿಂದ ರಕ್ತ ಸುರಿಯುತ್ತಿತ್ತು. ನೋವಾಯಿತೆ ಎಂದು ವೆಲ್ಸ್ ವಿಚಾರಿಸಿದನು. ಗಾಯವಾದುದೇ ಆ ತರುಣನಿಗೆ ತಿಳಿದಿರಲಿಲ್ಲ. ಡೇವಿಯ ಪುಸ್ತಕದಲ್ಲಿ ಮಲಗಿದ್ದ ವಿಷಯವು ಒಬ್ಬ ದಂತವೈದ್ಯನ ಕಣ್ಣಿಗೆ ಬಿದ್ದ ಗಳಿಗೆ ಅದು.

ವೆಲ್ಸ್ ತಡಮಾಡಲಿಲ್ಲ. ಮರುದಿನವೇ, ಅಂದರೆ ಡಿಸೆಂಬರ್ 11ರಂದು, ಕೋಲ್ಟನ್ನನನ್ನು ತನ್ನ ವೈದ್ಯಶಾಲೆಗೆ ಕರೆಸಿದನು. ಪ್ರಯೋಗಕ್ಕೆ ಬೇರೊಬ್ಬರನ್ನು ಹುಡುಕದೆ ತಾನೇ ಕುರ್ಚಿಯಲ್ಲಿ ಕುಳಿತನು. ಅದೆಷ್ಟು ಸೇವಿಸಿದರೆ ಪ್ರಾಣಕ್ಕೆ ಅಪಾಯವೆಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಕೋಲ್ಟನ್ ಅನಿಲದ ಚೀಲವನ್ನು ಹಿಡಿದನು. ವೆಲ್ಸನ ಕತ್ತು ವಾಲುತ್ತಲೇ ರಿಗ್ಸ್ ಅವನ ಒಂದು ದವಡೆಹಲ್ಲನ್ನು ಕಿತ್ತನು. ಎಚ್ಚರಗೊಂಡ ವೆಲ್ಸನಿಗೆ ಸೂಜಿ ಚುಚ್ಚಿದಷ್ಟೂ ನೋವಾಗಿರಲಿಲ್ಲ. ಅನಿಲವನ್ನು ತಯಾರಿಸುವ ವಿಧಾನವನ್ನು ಕೋಲ್ಟನ್ನನಿಂದ ಕಲಿತು, ಮುಂದಿನ ಕೆಲವು ವಾರಗಳಲ್ಲಿ ಹನ್ನೆರಡು ಹದಿನೈದು ಮಂದಿಯ ಹಲ್ಲುಗಳನ್ನು ಇದೇ ರೀತಿ ಕಿತ್ತನು. ಈ ಉಪಾಯಕ್ಕೆ ಅವನು ಪೇಟೆಂಟ್ ಪಡೆಯಲು ಹೋಗಲಿಲ್ಲ. ಕೇಳಿದ ವೈದ್ಯರಿಗೆಲ್ಲ ಮುಚ್ಚುಮರೆಯಿಲ್ಲದೆ ತಿಳಿಸಿದನು.

1845ರ ಜನವರಿಯಲ್ಲಿ ಅವನು ಬಾಸ್ಟನ್ನಿಗೆ ಹೋದನು. ಪ್ರಸಿದ್ಧ ಶಸ್ತ್ರವೈದ್ಯನಾದ ಜಾನ್ ಕಾಲಿನ್ಸ್ ವಾರೆನ್ನನ ವಿದ್ಯಾರ್ಥಿಗಳ ಎದುರಿನಲ್ಲಿ ಒಬ್ಬನಿಗೆ ಅನಿಲವನ್ನು ಕೊಟ್ಟು ಹಲ್ಲನ್ನು ಕಿತ್ತನು. ಆದರೆ ಚೀಲವನ್ನು ಬಾಯಿಂದ ತುಸು ಬೇಗನೆ ತೆಗೆದುಬಿಟ್ಟಿದ್ದರು. ಹಲ್ಲು ಬರುವ ವೇಳೆಗೆ ರೋಗಿ ಕೂಗಿಕೊಂಡನು. ತನಗೆ ತಿಳಿದಂತೆ ಹೆಚ್ಚಿನ ನೋವೇನೂ ಆಗಲಿಲ್ಲವೆಂದು ಅವನು ಆಮೇಲೆ ಹೇಳಿದನಂತೆ. ಅಷ್ಟರಲ್ಲಿ ವಿದ್ಯಾರ್ಥಿಗಳು ಇದೆಲ್ಲ ಬರಿಯ ಮೋಸವೆಂದು ಗೇಲಿಮಾಡಿ ವೆಲ್ಸನನ್ನು ಹೊರಡಿಸಿಯಾಗಿತ್ತು. ಹದಿನೈದು ಮಂದಿಯ ಸಾಕ್ಷ್ಯ ಊರಿನಲ್ಲಿಯೇ ಉಳಿಯಿತು. ಒಂದು ಕೂಗು ತೀರ್ಪಾಯಿತು.

ಇದಕ್ಕೆ ಕಾರಣವನ್ನು ಇಂದು ನಾವು ಬಲ್ಲೆವು. ನೈಟ್ರಸ್ ಆಕ್ಸೈಡ್ ಬಲು ದುರ್ಬಲವಾದ ಅರಿವಳಿಕೆ. ಶ್ವಾಸಕೋಶದಿಂದ ರಕ್ತಕ್ಕೆ ಅದು ಎಷ್ಟು ಬೇಗ ಸೇರುವುದೋ ಅಷ್ಟೇ ಬೇಗ ರಕ್ತದಿಂದ ಹೊರಬೀಳುತ್ತದೆ. ಉಸಿರಾಟ ನಿಲ್ಲಿಸಿದ ಮೇಲೆ ವೈದ್ಯನಿಗೆ ದೊರೆಯುವ ಅವಕಾಶ ಒಂದು ನಿಮಿಷಕ್ಕಿಂತಲೂ ಕಡಿಮೆ. ಮೇಲಾಗಿ ಒಬ್ಬನಿಗೆ ಸಾಕಾದ ಪ್ರಮಾಣ ಇನ್ನೊಬ್ಬನಿಗೆ ಸಾಲದು. ವೆಲ್ಸ್ ಕಂಡುಕೊಂಡ ತತ್ತ್ವ ಸರಿಯಾಗಿತ್ತು. ಆದರೆ ಪ್ರಮಾಣದ ಲೆಕ್ಕ ಅವನಿಗಿನ್ನೂ ಸಿಕ್ಕಿರಲಿಲ್ಲ.

ಊರಿಗೆ ಮರಳಿದ ಅವನು ಕಾಯಿಲೆ ಬಿದ್ದನು. ವೃತ್ತಿಯನ್ನು ಬಿಟ್ಟು ಬೇರೆ ಬೇರೆ ವ್ಯಾಪಾರಗಳಿಗೆ ಕೈಹಾಕಿದನು. ಇತ್ತ ಶಿಷ್ಯ ಮಾರ್ಟನ್ ಈಥರ್ ಎಂಬ ಹೆಚ್ಚು ಬಲವುಳ್ಳ ದ್ರವವನ್ನು ಹಿಡಿದನು. 1846ರ ಅಕ್ಟೋಬರ್ 16ರಂದು ಮಾರ್ಟನ್ನನು ಈಥರಿನ ಆವಿಯನ್ನು ಕೊಡಲು, ಅದೇ ಬಾಸ್ಟನ್ನಿನಲ್ಲಿ, ಅದೇ ವಾರೆನ್, ರೋಗಿಯ ಕುತ್ತಿಗೆಯ ಗಡ್ಡೆಯೊಂದನ್ನು ಕೊಯ್ದನು. ರೋಗಿ ಕೂಗಲಿಲ್ಲ. ವಾರ್ತೆ ಪ್ರಪಂಚವನ್ನೆಲ್ಲ ಸುತ್ತಿತು. ಮಾರ್ಟನ್ ಮಾತ್ರ ದ್ರವಕ್ಕೆ ಬಣ್ಣ ಬೆರೆಸಿ, ಗುಟ್ಟುಮಾಡಿ, ಪೇಟೆಂಟ್ ಪಡೆದನು. ಗುರುವಿಗೂ ಶಿಷ್ಯನಿಗೂ ಇದ್ದ ಅಂತರವನ್ನು ಈ ಒಂದು ಸಂಗತಿಯೇ ಹೇಳುತ್ತದೆಂದು ನನಗೆ ತೋರುತ್ತದೆ. ಮೊದಲು ಕಂಡುಹಿಡಿದವನು ತಾನೆಂದು ವೆಲ್ಸ್ ಪತ್ರಿಕೆಗೆ ಬರೆದನು, 1847ರಲ್ಲಿ ಪುಸ್ತಿಕೆಯೊಂದನ್ನೂ ಪ್ರಕಟಿಸಿದನು. ಕೇಳುವವರು ಕಡಿಮೆ.

1848ರ ಜನವರಿಯಲ್ಲಿ ಅವನು ನ್ಯೂಯಾರ್ಕಿಗೆ ಹೋದನು. ಎಡಿನ್‌ಬರೊದ ಸಿಂಪ್ಸನ್ ಕೆಲವೇ ವಾರಗಳ ಹಿಂದೆ ಕ್ಲೋರೋಫಾರಮ್ಮಿನ ಗುಣವನ್ನು ಪ್ರಕಟಿಸಿದ್ದನು. ವೆಲ್ಸ್ ಅದನ್ನು ಎಂದಿನಂತೆ ತನ್ನ ಮೇಲೆಯೇ ಪ್ರಯೋಗಿಸತೊಡಗಿದನು. ಈ ಬಾರಿ ಅದು ಚಟವಾಗಿ ಅಂಟಿಕೊಂಡು ಬುದ್ಧಿಯನ್ನು ಕೆಡಿಸಿತು. ತನ್ನ ಹುಟ್ಟುಹಬ್ಬದ ದಿನವೇ ಆ ಅಮಲಿನಲ್ಲಿ ಬೀದಿಯ ಹೆಂಗಸರ ಮೇಲೆ ಆಮ್ಲವನ್ನು ಎರಚಿ ಬಂಧಿತನಾದನು. ಅಮಲಿಳಿದು ತಾನು ಮಾಡಿದ್ದು ತಿಳಿದಾಗ ಅದನ್ನು ತಾಳಲಾರದೆ, ಜನವರಿ 24ರಂದು ಸೆರೆಮನೆಯಲ್ಲಿ ಪ್ರಾಣವನ್ನು ಕಳೆದುಕೊಂಡನು. ನೋವಿಲ್ಲದ ಶಸ್ತ್ರಕ್ರಿಯೆಯನ್ನು ಮೊದಲು ಕಂಡುಹಿಡಿದ ಕೀರ್ತಿ ವೆಲ್ಸನದೆಂದು ಪ್ಯಾರಿಸಿನ ವೈದ್ಯಸಂಘವು ಒಪ್ಪಿದ ಸುದ್ದಿ ಬಂದು ಮುಟ್ಟುವಾಗ ಅವನು ಇರಲಿಲ್ಲ.

ಅನಿಲವನ್ನು ಮತ್ತೆ ವೈದ್ಯಶಾಲೆಗೆ ತಂದವನು ಕೋಲ್ಟನ್ನನೇ. 1863ರಿಂದ ಅವನು ಸಾವಿರಾರು ಜನರಿಗೆ ಅದನ್ನು ಕೊಟ್ಟು, ಸರಿಯಾಗಿ ಕೊಟ್ಟರೆ ಅದು ಸಫಲವಾಗುವುದೆಂದು ತೋರಿಸಿದನು. 1864ರಲ್ಲಿ ಅಮೆರಿಕದ ದಂತವೈದ್ಯರ ಸಂಘವು ವೆಲ್ಸನ ಹಕ್ಕನ್ನು ಮಾನ್ಯಮಾಡಿತು. 1875ರಲ್ಲಿ ಹಾರ್ಟ್‌ಫರ್ಡಿನ ಉದ್ಯಾನದಲ್ಲಿ ಅವನ ಪ್ರತಿಮೆ ನಿಂತಿತು. 1868ರಲ್ಲಿ ಷಿಕಾಗೋದ ಆಂಡ್ರೂಸ್ ಅನಿಲದೊಡನೆ ಆಮ್ಲಜನಕವನ್ನು ಬೆರೆಸುವ ಪದ್ಧತಿಯನ್ನು ಹಾಕಿಕೊಟ್ಟಿದ್ದನು. ಅದರಿಂದ ಉಸಿರುಗಟ್ಟುವ ಭಯ ತಗ್ಗಿತು.

ಇಂದು ಹಲ್ಲು ಕೀಳಲು ಸಾಮಾನ್ಯವಾಗಿ ಬಳಸುವುದು ವಸಡಿಗೆ ಕೊಡುವ ಚುಚ್ಚುಮದ್ದನ್ನು. ಅದರಲ್ಲಿರುವ ಲಿಡೋಕೇನ್ ಎಂಬ ಔಷಧವನ್ನು 1943ರಲ್ಲಿ ಸ್ವೀಡನ್ನಿನ ಲಾಫ್‌ಗ್ರೆನ್ ತಯಾರಿಸಿದನು. ಆದರೂ ಚುಚ್ಚುಮದ್ದಿಗೇ ಹೆದರುವ ಮಕ್ಕಳಿಗಾಗಿ ವೆಲ್ಸನ ಅನಿಲ ಉಳಿದುಕೊಂಡಿದೆ. ಮೂಗಿನ ಮೇಲೆ ಸಣ್ಣ ಮುಸುಕನ್ನಿಟ್ಟು, ಆಮ್ಲಜನಕದೊಡನೆ ಅಳೆದು ಬೆರೆಸಿದ ಅನಿಲವನ್ನು ಕೊಡುತ್ತಾರೆ. ಯಂತ್ರವು ಆಮ್ಲಜನಕವನ್ನು ಮಿತಿಗಿಂತ ಕೆಳಗಿಳಿಯಗೊಡುವುದಿಲ್ಲ. ಮಗು ಎಚ್ಚರವಾಗಿಯೇ ಇದ್ದು ವೈದ್ಯರ ಮಾತಿಗೆ ಉತ್ತರ ಕೊಡುತ್ತದೆ, ಭಯ ಮಾತ್ರ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಕೆಲವು ನಿಮಿಷ ಬರಿಯ ಆಮ್ಲಜನಕವನ್ನು ಉಸಿರಾಡಿಸಿದರೆ ಅನಿಲವೆಲ್ಲ ಹೊರಬಂದು, ಮಗು ಎಂದಿನಂತೆ ಎದ್ದು ಮನೆಗೆ ನಡೆಯುತ್ತದೆ.