ಹರ್ಮನ್ ಆನಂದರಾವ್ ಕೌಂಡಿನ್ಯ
ಹರ್ಮನ್ ಆನಂದರಾವ್ ಕೌಂಡಿನ್ಯ (1825–1893) ಬಾಸೆಲ್ ಮಿಷನ್‌ನ ಪಾದ್ರಿ ಹಾಗೂ ಶಿಕ್ಷಕರು. ಕ್ರೈಸ್ತ ನಂಬಿಕೆಗಾಗಿ ಮನೆ ಮತ್ತು ಸಮುದಾಯದಿಂದ ದೂರವಾದರೂ ಅವರು ಅದನ್ನು ಕೊನೆಯವರೆಗೂ ಬಿಡಲಿಲ್ಲ.

ಜೀವನ

ಕೌಂಡಿನ್ಯರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮಿಷನ್‌ನ ಇಂಗ್ಲಿಷ್ ಶಾಲೆಯಲ್ಲಿ ಓದುವಾಗ ಹರ್ಮನ್ ಮೋಗ್ಲಿಂಗರ ಪ್ರಭಾವಕ್ಕೆ ಒಳಗಾಗಿ, 1844ರ ಜನವರಿಯಲ್ಲಿ ಇಬ್ಬರು ಗೆಳೆಯರೊಂದಿಗೆ ದೀಕ್ಷಾಸ್ನಾನ ಪಡೆದರು. ಆಗಲೇ ಗುರುವಿನ ಹೆಸರು ಅವರ ಹೆಸರಿಗೆ ಸೇರಿತು. ಊರಿನಲ್ಲಿ ದೊಡ್ಡ ಗಲಭೆ ಎದ್ದಿತು. ಅನೇಕ ವಿದ್ಯಾರ್ಥಿಗಳು ಶಾಲೆ ಬಿಟ್ಟರು. ಬಾಲ್ಯದಲ್ಲೇ ವಿವಾಹವಾಗಿದ್ದ ಪತ್ನಿ ಅವರೊಡನೆ ಬಾಳಲು ಒಪ್ಪಲಿಲ್ಲ. ಕೌಂಡಿನ್ಯರು ಅವಳಿಗಾಗಿ ಹಲವು ವರ್ಷ ಕಾದರು.

1846ರಲ್ಲಿ ಬಾಸೆಲ್‌ಗೆ ತೆರಳಿ ದೈವಶಾಸ್ತ್ರ ಕಲಿತು, 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದು ಹಿಂದಿರುಗಿದರು. ಬಾಸೆಲ್ ಮಿಷನ್‌ನಲ್ಲಿ ಈ ಪದವಿಗೇರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಮಂಗಳೂರಿನ ಸೆಮಿನರಿಯಲ್ಲಿ ಉಪದೇಶಕರನ್ನು ತರಬೇತುಗೊಳಿಸಿದರು. 1860ರಲ್ಲಿ ಜರ್ಮನಿಯ ಮೇರಿ ರೈನ್‌ಹಾರ್ಟರನ್ನು ಮದುವೆಯಾದರು.

ಆನಂದಪುರ

ಕೊಡಗಿನಲ್ಲಿ ಹೊಲೆಯ ಸಮುದಾಯದ ಕ್ರೈಸ್ತರಿಗಾಗಿ ಮೋಗ್ಲಿಂಗರು ಆನಂದಪುರವನ್ನು ಸ್ಥಾಪಿಸಿದರು. ಕೌಂಡಿನ್ಯರು ತಮ್ಮ ಆಸ್ತಿಯ ಹಣವನ್ನು ಅಲ್ಲಿ ತೊಡಗಿಸಿದರು. ಜಾತಿಯ ಆಶ್ರಯ ಕಳೆದುಕೊಂಡವರು ಜಾತಿಯಿಂದ ನೊಂದವರೊಂದಿಗೆ ನಿಂತರು. ಐಹಿಕ ನಷ್ಟಕ್ಕಿಂತ ನಿತ್ಯಜೀವದ ನಿರೀಕ್ಷೆಯನ್ನು ದೊಡ್ಡದೆಂದು ಸಾರುವ ಬೋಧನೆಯನ್ನು ಅವರ ಬದುಕೇ ತೋರಿಸಿತು. 1893ರಲ್ಲಿ ಅವರು ನಿಧನರಾದರು.