ಕುಡಿಯದವರು ಹಡೆದ ಕುಡುಕ

ನಮ್ಮ ರಾಮನಗರ ಇನ್ನೂ ಕ್ಲೋಸ್‌ಪೇಟೆಯಾಗಿದ್ದಾಗ ಇಲ್ಲಿ ಹುಟ್ಟಿದವರು ಜಿ.ಪಿ. ರಾಜರತ್ನಂ. ಹೆಂಡ ಮುಟ್ಟದ ಮನುಷ್ಯ. ಆದರೂ ಕನ್ನಡದ ಅತಿ ಪ್ರಸಿದ್ಧ ಕುಡುಕ ‘ಯೆಂಡ್ಕುಡ್ಕ ರತ್ನ’ ಅವರದೇ ಸೃಷ್ಟಿ.

1930ರ ದಶಕದ ಆರಂಭ. ಕನ್ನಡ ಎಂ.ಎ. ಮುಗಿದಿತ್ತು, ಕೆಲಸವಿರಲಿಲ್ಲ. ಹೈದರಾಬಾದಿಗೂ ಹೋಗಿ ಬರಿಗೈಲಿ ಮರಳಿದರು. (ಪ್ಲೇಸ್‌ಮೆಂಟ್ ಆಗದ ನಮ್ಮ ಸೀನಿಯರ್‌ಗಳ ಪಾಡು ಆಗಲೂ ಇತ್ತು ನೋಡಿ!) ರತ್ನ ಆ ಕಾಲದ ಕೂಸು. ಜೇಬು ಖಾಲಿ, ಮನೆಯಲ್ಲಿ ನಂಜಿ, ಬಾಯಲ್ಲಿ ಪದ. ನರಕಕ್ಕೆ ತಳ್ಳಿ, ನಾಲಿಗೆ ಸೀಳಿ, ಬಾಯಿ ಹೊಲಿದರೂ ಮೂಗಿನಲ್ಲೇ ಕನ್ನಡ ಹಾಡುತ್ತಾನಂತೆ! ಮೊದಲ ಸಲ ಕೇಳಿ ಜೋರಾಗಿ ನಕ್ಕಿದ್ದೆ. ಹೊಲಿದ ಬಾಯಿ ಕಣ್ಣಿಗೆ ಕಟ್ಟಿದ ಮೇಲೆ ನಗು ನಿಂತಿತು. ಓದಿಯೂ ಯಾರಿಗೂ ಬೇಡವಾದವನ ಸಂಕಟ ಅದರಲ್ಲಿದೆ ಅನ್ನಿಸುತ್ತದೆ ನನಗೆ.

ಮುಂದೆ ಮೇಷ್ಟ್ರಾದರು. ಮಕ್ಕಳ ‘ತುತ್ತೂರಿ’ಯೂ ಅವರದೇ. 1979ರಲ್ಲಿ ತೀರಿಕೊಂಡರು. ರಿಸಲ್ಟ್ ಬಂದ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಈಗಲೂ ರತ್ನನ ಪದ ಹಾಡುತ್ತಾರೆ, ಕುಡಿಯದವರೂ.