ರಜತ ಮಯೂರದಿಂದ ಆಟೊ ನಿಲ್ದಾಣದವರೆಗೆ

ಪೀಣ್ಯ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ, ವೈಟ್‌ಫೀಲ್ಡ್‌ನ ಟೆಕ್ ಪಾರ್ಕುಗಳ ಮುಂದೆ, ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆಯ ನೆರಳಿನಲ್ಲಿ ಬಾಡಿಗೆಗಾಗಿ ಕಾದು ನಿಂತ ಆಟೊಗಳನ್ನು ಒಮ್ಮೆ ಗಮನಿಸಿದರೆ ಸಾಕು. ಯಾವುದಾದರೂ ಒಂದರ ಹಿಂಬದಿಯಲ್ಲಿ ಶಂಕರ್ ನಾಗ್ ಅವರ ಭಾವಚಿತ್ರ ಕಾಣಸಿಗುತ್ತದೆ. ಅವರು ಅಗಲಿ ಮೂರೂವರೆ ದಶಕ ಕಳೆದಿದೆ. ಆ ಆಟೊಗಳನ್ನು ಓಡಿಸುವವರಲ್ಲಿ ಅನೇಕರು ಆಗಿನ್ನೂ ಹುಟ್ಟಿರಲಿಲ್ಲ. ಆದರೂ ನವೆಂಬರ್ ಬಂತೆಂದರೆ ರಾಜ್ಯೋತ್ಸವದ ಬಾವುಟದ ಪಕ್ಕದಲ್ಲಿ ಅವರ ಜನ್ಮದಿನದ ಫಲಕವೂ ಏಳುತ್ತದೆ.

ಆಟೊ ಚಾಲಕರ ಈ ನಾಯಕ ಒಂದು ಕಾಲಕ್ಕೆ ಜಗತ್ತಿನ ನಾನಾ ದೇಶಗಳ ಚಿತ್ರಗಳ ನಡುವೆ ಸ್ಪರ್ಧಿಸಿ ಶ್ರೇಷ್ಠ ನಟನೆನಿಸಿಕೊಂಡವರು. ಈ ಸಂಗತಿ ಮಾತ್ರ ಹೊಸ ತಲೆಮಾರಿನ ನೆನಪಿನಿಂದ ಹೆಚ್ಚುಕಡಿಮೆ ಅಳಿಸಿಹೋಗಿದೆ.

1979ರ ಜನವರಿ. ನವದೆಹಲಿಯಲ್ಲಿ ಭಾರತದ ಏಳನೆಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತಿತ್ತು. ಗೋವಾ ಈ ಉತ್ಸವದ ನೆಲೆಯಾದದ್ದು 2004ರಿಂದ ಈಚೆಗೆ. ಅದಕ್ಕೆ ಮೊದಲು ಅದು ಊರಿಂದ ಊರಿಗೆ ಅಲೆಯುವ ಜಾತ್ರೆಯಾಗಿತ್ತು. 1952ರಲ್ಲಿ ಮುಂಬಯಿಯಲ್ಲಿ ಮೊದಲ ಉತ್ಸವ ನಡೆದಾಗ ಇಟಲಿಯ 'ಬೈಸಿಕಲ್ ಥೀವ್ಸ್' ಮೊದಲಾದ ಚಿತ್ರಗಳು ಇಲ್ಲಿನ ಸಿನಿಮಾ ಮಂದಿಯ ಕಣ್ಣು ತೆರೆಸಿದವು. ಹಾಡು ಕುಣಿತಗಳ ಹಂಗಿಲ್ಲದೆ, ಬೀದಿಯಲ್ಲೇ ಚಿತ್ರೀಕರಿಸಿಯೂ ಕಥೆ ಹೇಳಬಹುದೆಂಬುದು ಆಗ ಮನದಟ್ಟಾಯಿತು. ಅಲ್ಲಿಂದ ಮುಂದೆ ಪೂರ್ವ ಯೂರೋಪಿನ ಕಪ್ಪು-ಬಿಳುಪಿನ ಚಿತ್ರಗಳು, ಜಪಾನಿನ ಸಮುರಾಯ್ ಕಥೆಗಳು, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ ಪ್ರತಿಭಟನೆಯ ಸಿನಿಮಾಗಳು ಒಂದೇ ಚಾವಣಿಯಡಿ ನೋಡಸಿಗುವ ತಾಣವೆಂದರೆ ಈ ಉತ್ಸವವೇ. 1979ರಲ್ಲಿ ತೀರ್ಪುಗಾರರ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಸೆನೆಗಲ್‌ನ ನಿರ್ದೇಶಕ ಉಸ್ಮಾನ್ ಸೆಂಬೆನ್. ಸ್ವರ್ಣ ಮಯೂರ ಹಂಗೆರಿಯ ಮಿಕ್ಲೋಶ್ ಯಾಂಚೊ ಅವರ 'ಹಂಗೇರಿಯನ್ ರ‍್ಯಾಪ್ಸಡಿ'ಗೆ ಸಂದಿತು. ಶ್ರೇಷ್ಠ ನಟನಿಗೆ ಮೀಸಲಾದ ರಜತ ಮಯೂರ ದೊರೆತದ್ದು ಕನ್ನಡದ 'ಒಂದಾನೊಂದು ಕಾಲದಲ್ಲಿ' ಚಿತ್ರದ ನಾಯಕನಿಗೆ. ಆಗ ಅವರ ವಯಸ್ಸು 24. ನಾಯಕನಾಗಿ ಕನ್ನಡದಲ್ಲಿ ಅದೇ ಮೊದಲ ಚಿತ್ರ.

ಶಂಕರ್ ಹುಟ್ಟಿದ್ದು 1954ರ ನವೆಂಬರ್ 9ರಂದು, ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ತಾಲ್ಲೂಕಿನಲ್ಲಿ. ಕುಟುಂಬದ ಅಡ್ಡಹೆಸರು ನಾಗರಕಟ್ಟೆ; ತೆರೆಯ ಮೇಲೆ ಅದು ನಾಗ್ ಆಗಿ ಮೊಟಕಾಯಿತು. ಮನೆಮಾತು ಕೊಂಕಣಿ. ತಂದೆ ಸದಾನಂದ, ತಾಯಿ ಆನಂದಿ. ಅಣ್ಣ ಅನಂತ್ ಆರು ವರ್ಷ ಹಿರಿಯರು. ಕರಾವಳಿಯ ಅನೇಕ ಸಾರಸ್ವತ ಕುಟುಂಬಗಳ ಮಕ್ಕಳಂತೆ ಈ ಸೋದರರಿಗೂ ಮುಂದಿನ ದಾರಿ ತೆರೆದದ್ದು ಮುಂಬಯಿಯಲ್ಲಿ. ಅಲ್ಲಿ ಮರಾಠಿ ರಂಗಭೂಮಿ ಹೊಸ ಹುರುಪಿನಲ್ಲಿದ್ದ ಕಾಲವದು. ಕೊಂಕಣಿ, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್‌ಗಳ ನಡುವೆ ಸಲೀಸಾಗಿ ಓಡಾಡುವ ತರುಣನಿಗೆ ನಾಟಕ ತಂಡಗಳ ಬಾಗಿಲು ತೆರೆಯುವುದು ಕಷ್ಟವಾಗಲಿಲ್ಲ. ಬಾಳಸಂಗಾತಿ ಅರುಂಧತಿ ದೊರೆತದ್ದೂ ಆ ರಂಗಭೂಮಿಯಲ್ಲಿಯೇ. ನಟನೆಯ ಜತೆಗೆ ಬರವಣಿಗೆಯ ಗೀಳೂ ಇತ್ತು. ಚಾಪೇಕರ್ ಸೋದರರನ್ನು ಕುರಿತ ಮರಾಠಿ ಚಿತ್ರ '22 ಜೂನ್ 1897'ರ ಚಿತ್ರಕಥೆಯಲ್ಲಿ ಶಂಕರ್ ಅವರ ಕೈಯಿದೆ.

ಗಿರೀಶ ಕಾರ್ನಾಡರು 1978ರಲ್ಲಿ ತೆರೆಗೆ ತಂದ 'ಒಂದಾನೊಂದು ಕಾಲದಲ್ಲಿ' ಅಕಿರ ಕುರೊಸಾವಾ ಅವರ ಸಮುರಾಯ್ ಚಿತ್ರಗಳಿಗೆ ಸಲ್ಲಿಸಿದ ಕನ್ನಡದ ಗೌರವ. ಪರಸ್ಪರ ಹಗೆ ಸಾಧಿಸುವ ಇಬ್ಬರು ಪಾಳೆಯಗಾರ ಸೋದರರು, ಅವರ ಬಳಿ ಕತ್ತಿಯನ್ನು ಬಾಡಿಗೆಗೆ ಇಟ್ಟು ಬದುಕುವ ಯೋಧರು. ಹೊರಗಿನಿಂದ ಬರುವ ಗಂಡುಗಲಿಯಾಗಿ ಶಂಕರ್ ನಾಗ್, ಎದುರಾಳಿಯ ಕಡೆಯ ಹಿರಿಯ ಯೋಧ ಪೆರ್ಮಾಡಿಯಾಗಿ ಸುಂದರ ಕೃಷ್ಣ ಅರಸ್. ಎ.ಕೆ. ಬೀರ್ ಅವರ ಕ್ಯಾಮೆರಾ, ಭಾಸ್ಕರ್ ಚಂದಾವರ್ಕರ್ ಅವರ ಸಂಗೀತ. ಅದೊಂದು ಸಾಹಸ ಚಿತ್ರ, ಆದರೆ ಸಾಹಸವನ್ನು ಮೆರೆಸುವ ಚಿತ್ರವಲ್ಲ. ಒಡೆಯರ ಜಗಳಕ್ಕೆ ಕೂಲಿಯವರೇಕೆ ಪ್ರಾಣ ತೆರಬೇಕೆಂಬ ಪ್ರಶ್ನೆ ಅದರ ಒಡಲಲ್ಲಿದೆ. ಶಂಕರ್ ಅವರ ಅಭಿನಯದಲ್ಲಿ ಎದ್ದು ಕಾಣುವುದು ಅಬ್ಬರವಲ್ಲ. ಎಚ್ಚರದಲ್ಲಿರುವ ಮೈ, ಅರ್ಧ ನಗುವಿನಲ್ಲಿ ಅಡಗಿದ ಉಪೇಕ್ಷೆ. ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ಆ ವೇಳೆಗೆ ಕನ್ನಡದಲ್ಲಿ ಎರಡು ಸಿನಿಮಾಗಳಿದ್ದವು. 'ಸಂಸ್ಕಾರ', 'ವಂಶವೃಕ್ಷ', 'ಚೋಮನ ದುಡಿ', 'ಘಟಶ್ರಾದ್ಧ'ಗಳು ಪ್ರಶಸ್ತಿ ಗಳಿಸಿ ದೇಶ ವಿದೇಶಗಳ ಉತ್ಸವಗಳನ್ನು ಸುತ್ತುತ್ತಿದ್ದವು. ಇನ್ನೊಂದೆಡೆ ಗಾಂಧಿನಗರದ ಹಂಚಿಕೆದಾರರ ಲೆಕ್ಕಾಚಾರದಂತೆ ಕುಟುಂಬ ಕಥೆಗಳು, ಹೊಡೆದಾಟದ ಚಿತ್ರಗಳು. ಒಂದು ದಡದವರು ಇನ್ನೊಂದು ದಡಕ್ಕೆ ಕಾಲಿಡುವುದು ಅಪರೂಪ. ರಜತ ಮಯೂರ ಪಡೆದ ನಟ ಮೊದಲನೆಯ ದಡದಲ್ಲಿಯೇ ನಿಲ್ಲುತ್ತಾನೆಂದು ಎಣಿಸಿದವರ ಲೆಕ್ಕ ತಪ್ಪಿತು. 1980ರಲ್ಲಿ ತೆರೆ ಕಂಡ 'ಆಟೋ ರಾಜ' ಅವರನ್ನು ಊರೂರಿನ ಟೆಂಟುಗಳವರೆಗೆ ಕೊಂಡೊಯ್ದಿತು. ಖಾಕಿ ಅಂಗಿ ತೊಟ್ಟು, ತನ್ನ ದುಡಿಮೆಯ ಬಗ್ಗೆ ನಾಚಿಕೆಪಡದ ನಾಯಕನನ್ನು ಚಾಲಕರು ತಮ್ಮವನೆಂದು ಎದೆಗೆ ಒತ್ತಿಕೊಂಡರು. ಅಲ್ಲಿಂದ ಮುಂದೆ ವರ್ಷಕ್ಕೆ ಹಲವು ಚಿತ್ರಗಳು. ಕರಾಟೆ ಕಿಂಗ್ ಎಂಬ ಬಿರುದು ಅಂಟಿಕೊಂಡಿತು. ಇವುಗಳಲ್ಲಿ ಬಹುಪಾಲು ಚಿತ್ರಗಳನ್ನು ಇಂದು ಕುಳಿತು ನೋಡುವುದು ಕಷ್ಟವೇ. ಕಥೆ ತೆಳು, ಹೊಡೆದಾಟ ಯಾಂತ್ರಿಕ. ಉತ್ಸವದ ವಲಯದಲ್ಲಿ ಇದರ ಬಗ್ಗೆ ಬೇಸರವಿದ್ದದ್ದು ಸಹಜ.

ಆದರೆ ನಟನೆಯಿಂದ ಬಂದ ಹಣ ಎಲ್ಲಿಗೆ ಹೋಯಿತೆಂಬುದನ್ನು ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಬೆಂಗಳೂರಿಗೆ ಬಂದು ನೆಲೆಸಿದ ಶಂಕರ್-ಅರುಂಧತಿ ದಂಪತಿ ಗೆಳೆಯರೊಡನೆ 'ಸಂಕೇತ್' ನಾಟಕ ತಂಡ ಕಟ್ಟಿದರು. 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾಛಾಯಾ', 'ನಾಗಮಂಡಲ' ಮೊದಲಾದ ನಾಟಕಗಳು ರಂಗಕ್ಕೆ ಬಂದವು. ಸಂಜೆ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ, ಹಗಲು ಚಿತ್ರೀಕರಣ. ಹಾಡು, ಹಿನ್ನೆಲೆ ಸಂಗೀತ, ಮಾತಿನ ಜೋಡಣೆಗೆ ಕನ್ನಡದ ನಿರ್ಮಾಪಕರು ಮದರಾಸಿನ ರೈಲು ಹತ್ತಬೇಕಾಗಿದ್ದ ದಿನಗಳವು. ಕಲಾವಿದರ ಪ್ರಯಾಣ, ವಸತಿ, ಅಲ್ಲಿನ ಸ್ಟುಡಿಯೊ ಬಾಡಿಗೆ ಎಲ್ಲ ಸೇರಿ ಸಣ್ಣ ಬಂಡವಾಳದ ಚಿತ್ರಗಳ ಬೆನ್ನು ಮುರಿಯುತ್ತಿತ್ತು. ಬೆಂಗಳೂರಿನಲ್ಲಿಯೇ ಆಧುನಿಕ ಧ್ವನಿಮುದ್ರಣ ಕೇಂದ್ರ ಇರಬೇಕೆಂದು ಹಟ ಹಿಡಿದು 'ಸಂಕೇತ್ ಎಲೆಕ್ಟ್ರಾನಿಕ್ಸ್' ಸ್ಥಾಪಿಸಿದವರು ನಾಗ್ ಸೋದರರು. ತಾರೆಯರು ನಿವೇಶನ ಕೊಳ್ಳುತ್ತಿದ್ದ ಕಾಲದಲ್ಲಿ ಧ್ವನಿಮುದ್ರಣ ಯಂತ್ರಗಳನ್ನು ಕೊಂಡ ನಟ ಅವರು.

ನಿರ್ದೇಶಕನಾಗಿ ಅವರ ಚಿತ್ರಗಳ ಪಟ್ಟಿಯನ್ನು ಸಾಲಾಗಿ ಇಟ್ಟರೆ ಅದೇ ಒಂದು ಪುಟ್ಟ ಚಿತ್ರೋತ್ಸವ. ಮೊದಲನೆಯದು 'ಮಿಂಚಿನ ಓಟ', 1980ರದು. ಕಾರು ಕದಿಯುವವರ ಕಥೆ. ಕಳ್ಳರನ್ನು ವೈಭವೀಕರಿಸದೆ, ಉಪದೇಶವನ್ನೂ ಕೊಡದೆ, ಜೈಲಿನ ಒಳಗೂ ಹೊರಗೂ ಅವರ ಒಡನಾಟವನ್ನು ತಣ್ಣಗೆ ಹಿಂಬಾಲಿಸುವ ಚಿತ್ರ. ಅನಂತ್ ನಾಗ್, ಲೋಕನಾಥ್, ಪ್ರಿಯಾ ತೆಂಡೂಲ್ಕರ್ ಅಭಿನಯಿಸಿದ ಈ ಚಿತ್ರ ರಾಜ್ಯ ಪ್ರಶಸ್ತಿಗಳಿಗೂ ಪಾತ್ರವಾಯಿತು. ಹಿಂದೆಯೇ ಪುನರ್ಜನ್ಮದ ರಹಸ್ಯ ಹೊತ್ತ 'ಜನ್ಮ ಜನ್ಮದ ಅನುಬಂಧ' ಬಂತು. ಮರುವರ್ಷ 'ಗೀತಾ', ಇಳಯರಾಜ ಅವರ ರಾಗಸಂಯೋಜನೆಯಿಂದಾಗಿ ಅದರ ಹಾಡುಗಳು ಇಂದಿಗೂ ಎಫ್ಎಂ ಕೇಂದ್ರಗಳ ಮೆಚ್ಚಿನವು. ರಂಗದಿಂದ ತೆರೆಗೆ ತಂದ ನಗೆಚಿತ್ರ 'ನೋಡಿ ಸ್ವಾಮಿ ನಾವಿರೋದು ಹೀಗೆ'. ಒಂದರ ಅಚ್ಚಿನಲ್ಲಿ ಇನ್ನೊಂದಿಲ್ಲ.

ಇವುಗಳ ನಡುವೆ ನಿಲ್ಲುವಂಥದ್ದು 1985ರ 'ಆಕ್ಸಿಡೆಂಟ್'. ಅಮಲಿನಲ್ಲಿ ಕಾರು ಓಡಿಸಿದ ರಾಜಕಾರಣಿಯ ಮಗ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರನ್ನು ಬಲಿ ತೆಗೆದುಕೊಳ್ಳುತ್ತಾನೆ. ಸತ್ತವರು ಕೆಲಸ ಅರಸಿ ನಗರಕ್ಕೆ ಬಂದ ಅನಾಮಿಕರು; ಅವರ ಪರವಾಗಿ ಕೇಳುವವರಿಲ್ಲ. ಪತ್ರಕರ್ತನೊಬ್ಬ ಬೆನ್ನು ಹತ್ತುತ್ತಾನೆ, ಅಧಿಕಾರ ಅವನನ್ನು ಸುತ್ತುವರಿಯುತ್ತದೆ. ರಾಜಕಾರಣಿಯ ಪಾತ್ರದಲ್ಲಿ ಅಣ್ಣ, ಪತ್ರಕರ್ತನ ಪಾತ್ರದಲ್ಲಿ ತಮ್ಮ. ಇತರ ಸಾಮಾಜಿಕ ವಿಷಯಗಳ ವಿಭಾಗದಲ್ಲಿ ಅದು ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಮೇಲ್ಸೇತುವೆಯ ಕೆಳಗೂ ಕಟ್ಟಡ ನಿರ್ಮಾಣದ ಮಗ್ಗುಲಲ್ಲೂ ವಲಸೆ ಕಾರ್ಮಿಕರು ಮಲಗುವ ಇಂದಿನ ಬೆಂಗಳೂರಿನಲ್ಲಿ ಕುಳಿತು ನೋಡಿದರೆ ಆ ಚಿತ್ರದ ಮೊದಲ ಭಾಗ ಮೈ ಜುಮ್ಮೆನಿಸುತ್ತದೆ. ಗಾಂಧಿನಗರದ ವೇಗವೂ ಉತ್ಸವ ಚಿತ್ರಗಳ ಕಾಳಜಿಯೂ ಒಂದೇ ರೀಲಿನಲ್ಲಿ ಕೂಡಿಬಂದದ್ದು ಇಲ್ಲಿಯೇ. ಎರಡು ದಡಗಳ ನಡುವೆ ಅವರು ಕಟ್ಟಬಯಸಿದ ಸೇತುವೆಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು.

ದೇಶದ ಉಳಿದ ಭಾಗಕ್ಕೆ ಅವರ ಹೆಸರು ತಲುಪಿಸಿದ್ದು ದೂರದರ್ಶನ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ಪ್ರಸಾರ ಆರಂಭಿಸಿತು. ನಿರ್ಮಾಪಕರು ಟಿ.ಎಸ್. ನರಸಿಂಹನ್, ರೇಖಾಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು, ಸಂಗೀತ ಎಲ್. ವೈದ್ಯನಾಥನ್ ಅವರದು. ಲೇಖಕರ ಕಲ್ಪನೆಯಲ್ಲಿದ್ದ ಊರಿಗೆ ಮಲೆನಾಡಿನ ಆಗುಂಬೆಯಲ್ಲಿ ನೆಲ ದೊರೆಯಿತು, ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಕನ್ನಡ ರಂಗಭೂಮಿಯ ನಟರನ್ನೇ ಹೆಚ್ಚಾಗಿ ಬಳಸಿ, ಹಿಂದಿಯಲ್ಲಿ ಮಾತಾಡಿಸಿ, ಇಡೀ ದೇಶ ಒಪ್ಪುವಂತೆ ಮಾಡಿದ್ದು ಸಣ್ಣ ಕೆಲಸವಲ್ಲ. 1987ರಲ್ಲಿ ಸ್ಟೈನ್‌ಬೆಕ್ ಅವರ 'ದಿ ಪರ್ಲ್' ಆಧರಿಸಿ ರಾಜ್‌ಕುಮಾರ್ ಅವರೊಡನೆ 'ಒಂದು ಮುತ್ತಿನ ಕಥೆ' ತೆಗೆದರು. ವರನಟನ ಅಭಿಮಾನಿಗಳು ಬಯಸಿದ ಚಿತ್ರ ಅದಾಗಿರಲಿಲ್ಲ. ನಿರೀಕ್ಷೆಯ ಗೆಲುವು ಸಿಗಲಿಲ್ಲ.

ಸಿನಿಮಾದಾಚೆಗೂ ಅವರ ತಲೆ ಓಡುತ್ತಿತ್ತು. ಬೆಂಗಳೂರಿಗೆ ಮೆಟ್ರೊ ರೈಲು, ನಂದಿಬೆಟ್ಟಕ್ಕೆ ರೋಪ್‌ವೇ, ಬಡವರಿಗೆ ಕಡಿಮೆ ವೆಚ್ಚದ ಸಿದ್ಧ ಮನೆಗಳು ಎಂಬ ಯೋಜನೆಗಳನ್ನು ಹಿಡಿದು ಅವರು ಓಡಾಡಿದ ಸಂಗತಿಯನ್ನು ಒಡನಾಡಿಗಳು ಮತ್ತೆ ಮತ್ತೆ ನೆನೆದಿದ್ದಾರೆ. ರಾಮಕೃಷ್ಣ ಹೆಗಡೆಯವರ ಸರ್ಕಾರವಿದ್ದ ಕಾಲ. ಜನತಾ ಪಕ್ಷದೊಡನೆ ಸೋದರರಿಗೆ ನಂಟಿತ್ತು. ಆಗಿನ ಬೆಂಗಳೂರಿಗೆ ಮೆಟ್ರೊ ಎಂಬುದು ನಟನೊಬ್ಬನ ಹುಚ್ಚು ಕನಸಿನಂತೆ ಕಂಡಿದ್ದರೆ ಅಚ್ಚರಿಯಿಲ್ಲ. ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲಿಟ್ಟದ್ದು 'ಒಂದಾನೊಂದು ಕಾಲದಲ್ಲಿ' ತೆರೆ ಕಂಡ 1978ರಲ್ಲಿಯೇ. ಎಂಬತ್ತರ ದಶಕದಲ್ಲಿ ಅದಿನ್ನೂ ಊರಾಚೆಯ ಬಯಲು. ವೈಟ್‌ಫೀಲ್ಡ್ ಹಳೆಯ ಬಂಗಲೆಗಳ ಹಳ್ಳಿ. ನಗರ ಈ ದಿಕ್ಕುಗಳಿಗೆ ಚಾಚಿಕೊಳ್ಳುವುದನ್ನು ಕಂಡವರು ಕೆಲವರು. ಅದಕ್ಕೆ ರೈಲು ಬೇಕಾದೀತೆಂದವರು ಇನ್ನೂ ಕೆಲವರು. ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಬಂತು. ಮೆಟ್ರೊಗೆ ಅವರ ಹೆಸರಿಡಬೇಕೆಂಬ ಅಭಿಮಾನಿಗಳ ಬೇಡಿಕೆ ಆಗಾಗ ಕೇಳಿಬರುತ್ತಲೇ ಇದೆ.

1990ರ ಸೆಪ್ಟೆಂಬರ್ ಕೊನೆಯಲ್ಲಿ ಅವರ ಮುಂದಿದ್ದ ಕೆಲಸ 'ಜೋಕುಮಾರಸ್ವಾಮಿ'. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ ಚಿತ್ರ, ಚಿತ್ರೀಕರಣ ಇಂದಿನ ಬಾಗಲಕೋಟೆ ಜಿಲ್ಲೆಯ ಲೋಕಾಪುರದಲ್ಲಿ. ಬಯಲಾಟದ ಸೊಗಡಿನ ಕಥೆಗೆ, ಒಂದಷ್ಟು ಕಾಲದ ನಂತರ, ಅವರು ಮರಳುತ್ತಿದ್ದರು. ಬೆಂಗಳೂರಿನಿಂದ ಪೀಣ್ಯ, ತುಮಕೂರು, ಚಿತ್ರದುರ್ಗಗಳನ್ನು ಹಾದು ಉತ್ತರಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ ಆಗ ಇಂದಿನಂತೆ ವಿಭಜಕವಿದ್ದ ಅಗಲ ರಸ್ತೆಯಲ್ಲ. ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಅವರಿದ್ದ ಕಾರಿಗೂ ಲಾರಿಗೂ ಅಪಘಾತವಾಯಿತು. ಶಂಕರ್ ಉಳಿಯಲಿಲ್ಲ. ಜತೆಯಲ್ಲಿದ್ದ ಪತ್ನಿ ಮತ್ತು ಪುಟ್ಟ ಮಗಳು ಗಾಯಗೊಂಡು ಬದುಕುಳಿದರು. ಮೂವತ್ತಾರು ತುಂಬಲು ಇನ್ನೂ ನಲವತ್ತು ದಿನ ಬಾಕಿ ಇತ್ತು. ಕನ್ನಡ ತೆರೆಯ ಮೇಲೆ ಅವರು ಕಳೆದದ್ದು ಹನ್ನೆರಡೇ ವರ್ಷ. ನಟಿಸಿದ ಚಿತ್ರಗಳ ಸಂಖ್ಯೆ ತೊಂಬತ್ತರ ಆಸುಪಾಸು.

ಹದಿನೈದು ತಿಂಗಳ ಬಳಿಕ, 1992ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಬೆಂಗಳೂರಿಗೇ ಬಂತು. ಹೊರದೇಶಗಳ ಚಿತ್ರಗಳನ್ನು ನೋಡಲು ನಗರದ ಚಿತ್ರಮಂದಿರಗಳ ಮುಂದೆ ಸಾಲು ನಿಂತವು. ಹದಿಮೂರು ವರ್ಷಗಳ ಹಿಂದೆ ಅದೇ ಉತ್ಸವದಲ್ಲಿ ಕನ್ನಡಕ್ಕೆ ರಜತ ಮಯೂರ ತಂದವರು ಆ ಸಾಲುಗಳ ಯಾವ ಕೊನೆಯಲ್ಲಿಯೂ ಇರಲಿಲ್ಲ. ಬೆಂಗಳೂರಿನದೇ ಆದ ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಆರಂಭವಾಯಿತು. ಅದಕ್ಕೂ ಎರಡು ವರ್ಷ ಮೊದಲು, 2004ರಲ್ಲಿ, ಜೆ.ಪಿ. ನಗರದಲ್ಲಿ 'ರಂಗಶಂಕರ' ಬಾಗಿಲು ತೆರೆದಿತ್ತು. ಅದನ್ನು ಕಟ್ಟಿ ನಿಲ್ಲಿಸಿದವರು ಅರುಂಧತಿ ನಾಗ್. ನಾಟಕ ಶುರುವಾದ ಮೇಲೆ ಎಷ್ಟೇ ದೊಡ್ಡವರು ಬಂದರೂ ಅಲ್ಲಿ ಒಳಗೆ ಬಿಡುವುದಿಲ್ಲ. ಸಂಜೆಯ ದಟ್ಟಣೆ ಸೀಳಿಕೊಂಡು ವೈಟ್‌ಫೀಲ್ಡ್‌ನಿಂದ ಓಡೋಡಿ ಬರುವ ಪ್ರೇಕ್ಷಕರು ಹಿಡಿಯುವ ಆಟೊದ ಹಿಂಬದಿಯಲ್ಲಿ, ಬಹುತೇಕ, ಅದೇ ಭಾವಚಿತ್ರವಿರುತ್ತದೆ.